ದುಡಿಯುವ ಕೈಗೆ ಗಾಯವಾದಾಗ: ದಂಪತಿಗಳು ತಿಳಿದಿರಬೇಕಾದ ಹಕ್ಕುಗಳು

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಂತೆ ನಮ್ಮ ಸಂಸಾರಗಳು ನಡೆಯುತ್ತವೆ. ಆ ಕೈಗೇ ಪೆಟ್ಟು ಬಿದ್ದರೆ ಮನೆಯ ಒಲೆ, ಮಕ್ಕಳ ಓದು, ಬಸುರಿ ಬಾಣಂತಿಯರ ಆರೈಕೆ ಎಲ್ಲವೂ ಅಲುಗಾಡುತ್ತವೆ. ಆದುದರಿಂದ ದುಡಿಮೆಯಲ್ಲಿ ಗಾಯಗೊಂಡವರಿಗೆ ಕಾನೂನು ಕೊಟ್ಟಿರುವ ರಕ್ಷಣೆಯನ್ನು ಗಂಡ ಹೆಂಡತಿ ಇಬ್ಬರೂ ಅರಿತಿರಬೇಕು. ಒಬ್ಬರು ಹಾಸಿಗೆ ಹಿಡಿದಾಗ ಓಡಾಡಬೇಕಾದವರು ಇನ್ನೊಬ್ಬರೇ ಅಲ್ಲವೆ?

ಗೋಕಾಕ ಜಲಪಾತದ ಬಳಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹತ್ತಿ ಗಿರಣಿ ಆರಂಭವಾದಂದಿನಿಂದ ಈ ಭಾಗದ ಜನ ಯಂತ್ರಗಳೊಡನೆ ದುಡಿಯುತ್ತ ಬಂದಿದ್ದಾರೆ. ಇಂದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಸಕ್ಕರೆ ಕಾರ್ಖಾನೆಗಳು, ಬೆಲ್ಲದ ಗಾಣಗಳು, ರಾಶಿ ಯಂತ್ರಗಳು, ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎಲ್ಲೆಡೆ ಇವೆ. ಯಂತ್ರವಿದ್ದಲ್ಲಿ ಅಪಾಯವೂ ಉಂಟು.

ಮೊದಲ ದಿನವೇ ಮಾಡಬೇಕಾದುದು

ಗಾಯಗೊಂಡವರನ್ನು ಕೂಡಲೆ ಆಸ್ಪತ್ರೆಗೆ ಸಾಗಿಸಿರಿ. ಅಪಘಾತ ಎಲ್ಲಿ, ಯಾವ ಕೆಲಸ ಮಾಡುವಾಗ, ಎಷ್ಟು ಹೊತ್ತಿಗೆ ಆಯಿತೆಂಬುದನ್ನು ವೈದ್ಯರಿಗೆ ಇದ್ದುದನ್ನು ಇದ್ದಂತೆ ತಿಳಿಸಿರಿ. "ಮನೆಯಲ್ಲಿ ಬಿದ್ದೆನೆಂದು ಹೇಳು, ಖರ್ಚು ನಾನು ನೋಡಿಕೊಳ್ಳುತ್ತೇನೆ" ಎಂದು ಮಾಲೀಕನಾಗಲಿ ಮುಕ್ಕಾದಮನಾಗಲಿ ಹೇಳಬಹುದು. ಆ ಮಾತಿಗೆ ಒಪ್ಪಬೇಡಿರಿ. ಆಸ್ಪತ್ರೆಯ ದಾಖಲೆಯಲ್ಲಿ ಒಮ್ಮೆ "ಮನೆಯಲ್ಲಿ ಬಿದ್ದುದು" ಎಂದು ಬರೆಯಲ್ಪಟ್ಟರೆ, ಅದು ಕೆಲಸದಲ್ಲಾದ ಗಾಯವೆಂದು ಮುಂದೆ ಸಿದ್ಧಪಡಿಸುವುದು ಬಹು ಕಷ್ಟ.

ಅನಂತರ ಮಾಲೀಕರಿಗೆ ಲಿಖಿತ ಸೂಚನೆ ಕೊಟ್ಟು, ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳಿರಿ. ಕಂಡವರ ಹೆಸರುಗಳು, ಔಷಧದ ರಸೀದಿಗಳು, ಪಗಾರ ಚೀಟಿ, ಹಾಜರಿಯ ಗುರುತು ಇವೆಲ್ಲ ಒಂದೇ ಚೀಲದಲ್ಲಿರಲಿ. ಬರಿಯ ಕಾಗದಕ್ಕೆ ಎಂದಿಗೂ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿರಿ.

ಪರಿಹಾರದ ಹಕ್ಕು

ನೌಕರರ ಪರಿಹಾರಕ್ಕೆ 1923ರಲ್ಲಿಯೇ ಕಾಯ್ದೆಯಾಗಿತ್ತು. 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಅದರ ಸ್ಥಾನದಲ್ಲಿ ಜಾರಿಗೆ ಬಂದಿದೆ. ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಆದ ಗಾಯಕ್ಕೆ ಮಾಲೀಕರೇ ಹೊಣೆ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಶ್ವಾಸಕೋಶದ ಬೇನೆಯಂತಹ ಉದ್ಯೋಗಜನ್ಯ ರೋಗಗಳೂ ಇದರಲ್ಲಿ ಸೇರಿವೆ.

"ನನ್ನ ಅಜಾಗರೂಕತೆಯಿಂದಲೇ ಆಯಿತು, ಕೇಳುವುದು ಹೇಗೆ?" ಎಂದು ಅನೇಕರು ಸುಮ್ಮನಾಗುತ್ತಾರೆ. ಇದು ತಪ್ಪು ತಿಳಿವಳಿಕೆ. ಕೈತಪ್ಪಿ ಆದ ಅಪಘಾತಕ್ಕೂ ಪರಿಹಾರವುಂಟು. ಆದರೆ ಕುಡಿದು ಕೆಲಸ ಮಾಡಿದ್ದರೆ, ಅಥವಾ ಯಂತ್ರದ ರಕ್ಷಣಾ ಸಾಧನವನ್ನು ಬೇಕೆಂದೇ ಕಳಚಿದ್ದರೆ, ಸಾವು ಅಥವಾ ಶಾಶ್ವತವಾದ ಪೂರ್ಣ ಅಂಗವೈಕಲ್ಯದ ಹೊರತು ಹಕ್ಕು ತಪ್ಪುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ತಿಂಗಳಿಗೆ 12,000 ರೂಪಾಯಿ ಸಂಬಳದ, 30 ವರ್ಷ ವಯಸ್ಸಿನ ಕೆಲಸಗಾರನ ಹೆಬ್ಬೆರಳು ಯಂತ್ರಕ್ಕೆ ಸಿಕ್ಕಿ ಹೋಯಿತೆನ್ನಿ. ಸಂಬಳದ ಶೇಕಡಾ 60 ಅಂದರೆ 7,200 ರೂಪಾಯಿ. ಅದನ್ನು ಆ ವಯಸ್ಸಿಗೆ ಗೊತ್ತುಪಡಿಸಿದ 207.98ರಿಂದ ಗುಣಿಸಿದರೆ 14,97,456 ರೂಪಾಯಿ ಆಗುತ್ತದೆ. ಹೆಬ್ಬೆರಳಿನ ನಷ್ಟವನ್ನು ಶೇಕಡಾ 30 ಎಂದು ಎಣಿಸುವುದರಿಂದ ಅವನಿಗೆ ಸುಮಾರು 4 ಲಕ್ಷ 49 ಸಾವಿರ ರೂಪಾಯಿ ಸಲ್ಲಬೇಕು. ಐದು ಹತ್ತು ಸಾವಿರ ಕೈಗಿತ್ತು "ಇನ್ನೇನೂ ಬೇಡ" ಎಂದು ಬರೆಸಿಕೊಳ್ಳುವ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಚಿಕಿತ್ಸೆಯ ನೈಜ ವೆಚ್ಚವನ್ನು ಮಾಲೀಕರು ಪ್ರತ್ಯೇಕವಾಗಿ ಕೊಡಬೇಕು. ಒಂದು ತಿಂಗಳೊಳಗೆ ಪರಿಹಾರ ಸಲ್ಲದಿದ್ದರೆ ಶೇಕಡಾ 12ರ ಬಡ್ಡಿಯೂ ಸೇರುತ್ತದೆ. ಅರ್ಜಿಯನ್ನು ಎರಡು ವರ್ಷದೊಳಗೆ ಸಲ್ಲಿಸಬೇಕು.

ಗುತ್ತೇದಾರನ ಮೂಲಕ ಬಂದವರಿಗೂ ಈ ಹಕ್ಕುಂಟು. ಕೆಲಸವು ಕಾರ್ಖಾನೆಯ ವ್ಯವಹಾರದ ಭಾಗವಾಗಿದ್ದು, ಅಪಘಾತವು ಅದರ ಅಧೀನದ ಸ್ಥಳದಲ್ಲಿ ಆಗಿದ್ದರೆ ಕಾರ್ಖಾನೆಯಿಂದಲೇ ಪರಿಹಾರ ಕೇಳಬಹುದು. ಟ್ರ್ಯಾಕ್ಟರು ಮೊದಲಾದ ಯಂತ್ರಗಳಿಂದ ನಡೆಯುವ ಬೇಸಾಯದ ಕೂಲಿಗಳೂ ಇದಕ್ಕೆ ಅರ್ಹರು.

ಇ.ಎಸ್.ಐ. ಇದ್ದವರಿಗೆ

ಸಂಬಳದಲ್ಲಿ ಇ.ಎಸ್.ಐ. ವಂತಿಗೆ ಕಡಿತವಾಗುತ್ತಿದ್ದರೆ ಪರಿಹಾರವು ಮಾಲೀಕರಿಂದಲ್ಲ, ಆ ವಿಮಾ ನಿಗಮದಿಂದ ಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ಗಾಯವಾದರೂ ರಕ್ಷಣೆಯುಂಟು. ದುಡಿಯಲಾಗದ ಅವಧಿಗೆ ಸಂಬಳದ ಸುಮಾರು ಶೇಕಡಾ 90ರಷ್ಟು ಹಣ, ಶಾಶ್ವತ ಅಂಗವೈಕಲ್ಯಕ್ಕೆ ನಷ್ಟದ ಪ್ರಮಾಣಕ್ಕನುಸಾರವಾದ ಹಣ, ಮರಣವಾದಲ್ಲಿ ಹೆಂಡತಿ ಮಕ್ಕಳಿಗೆ ಮಾಸಿಕ ನೆರವು ದೊರೆಯುತ್ತವೆ. ವಿಮಾ ಸಂಖ್ಯೆ ಮನೆಯವರೆಲ್ಲರಿಗೂ ತಿಳಿದಿರಲಿ.

ಕೆಲಸವನ್ನು ಉಳಿಸಿಕೊಳ್ಳುವುದು ಹೇಗೆ?

ಸರಕಾರಿ ಸಂಸ್ಥೆಗಳ ನೌಕರರಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗಟ್ಟಿಯಾದ ಆಸರೆ. ಸೇವೆಯಲ್ಲಿದ್ದಾಗ ಅಂಗವಿಕಲನಾದವನನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆಯನ್ನು ಇಳಿಸುವಂತಿಲ್ಲ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಚಾಲಕನೊಬ್ಬ ಬಸ್ಸು ಓಡಿಸಲಾಗದಂತಾದರೆ, ಹೆಸ್ಕಾಂನ ಲೈನ್‌ಮನ್ ಕಂಬ ಹತ್ತಲಾಗದಂತಾದರೆ, ಅದೇ ವೇತನ ಶ್ರೇಣಿಯ ಬೇರೆ ಹುದ್ದೆಯನ್ನು ಅವನಿಗೆ ಕೊಡಬೇಕು.

ಖಾಸಗಿ ಉದ್ಯಮಗಳಲ್ಲಿ ಇಷ್ಟು ಬಲವಾದ ಕಟ್ಟುಪಾಡಿಲ್ಲ. ಅಲ್ಲಿ "ಹೇಳದೆ ಗೈರುಹಾಜರಾದ" ಎಂಬ ನೆಪವೇ ಕೆಲಸಕ್ಕೆ ಮುಳುವಾಗುವುದುಂಟು. ಆದುದರಿಂದ ವೈದ್ಯರ ಪ್ರಮಾಣಪತ್ರದೊಡನೆ ರಜೆಯ ಅರ್ಜಿಯನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿರಿ. ಗುಣವಾದ ಮೇಲೆ ಹಗುರ ಕೆಲಸವನ್ನು ಬರವಣಿಗೆಯಲ್ಲಿಯೇ ಕೇಳಿರಿ. ಒತ್ತಾಯಕ್ಕೆ ಮಣಿದು ರಾಜೀನಾಮೆ ಬರೆಯಬೇಡಿರಿ. ಅನ್ಯಾಯವಾಗಿ ತೆಗೆದುಹಾಕಿದರೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ಕೂಡಲೆ ದೂರು ಕೊಡಿರಿ.

ಸ್ವಂತ ಹೊಲದಲ್ಲಿ ದುಡಿಯುವವರು

ಮಾಲೀಕನೇ ಇಲ್ಲದವರಿಗೆ ಬ್ಯಾಂಕಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ನೆರವಾಗುತ್ತದೆ. 2022ರ ಜೂನ್‌ನಿಂದ ಇದರ ವಾರ್ಷಿಕ ಕಂತು 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ. 18ರಿಂದ 70 ವರ್ಷದವರು ಸೇರಬಹುದು. ಗಂಡ ಹೆಂಡತಿ ಇಬ್ಬರೂ ಪ್ರತ್ಯೇಕವಾಗಿ ಸೇರಿರಿ. ಹೊಲದಲ್ಲಿ ಇಬ್ಬರ ಬೆವರೂ ಸುರಿಯುತ್ತದೆ.

ಸಹಾಯ ಎಲ್ಲಿ?

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿರಿ. ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿರಿ, ಇಲ್ಲವೆ 15100ಕ್ಕೆ ಫೋನ್ ಮಾಡಿರಿ. ಮಹಿಳೆಯರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯವೆಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ.

ಸಾಲ ಮಾಡಿ, ಮಕ್ಕಳನ್ನು ಶಾಲೆ ಬಿಡಿಸಿ ಗಾಯದ ಭಾರವನ್ನು ಮನೆಯವರೇ ಹೊರುವ ಮೊದಲು ನಿಮಗೆ ಸಲ್ಲಬೇಕಾದುದನ್ನು ಕೇಳಿ ಪಡೆಯಿರಿ. ಅದು ಯಾರೂ ಕೊಡುವ ದಾನವಲ್ಲ, ನಿಮ್ಮ ದುಡಿಮೆಗೆ ಸೇರಿದ ಹಕ್ಕು. ಇಂದು ರಾತ್ರಿಯೇ ದಂಪತಿಗಳು ಕೂಡಿ ಕುಳಿತು ಪಗಾರ ಚೀಟಿ, ವಿಮೆಯ ಕಾಗದ, ಬ್ಯಾಂಕಿನ ಪಾಸ್‌ಬುಕ್ ಎಲ್ಲಿವೆಯೆಂದು ನೋಡಿಕೊಳ್ಳಿರಿ.