ಗೊತ್ತು ಅಂದವರ ಲೆಕ್ಕ

ನಿಮ್ಮ ಬ್ಯಾಗಿನ ಜಿಪ್ ಹೇಗೆ ಕೆಲಸ ಮಾಡುತ್ತದೆ, ಗೊತ್ತಾ? ‘ಅದೇನು ಮಹಾ’ ಅನ್ನುತ್ತೀರಿ. ಹಾಗಾದರೆ ಒಂದು ಕಾಗದದ ಮೇಲೆ ಬರೆಯಿರಿ: ಜಾರುವ ತುಂಡನ್ನು ಮೇಲಕ್ಕೆ ಎಳೆದಾಗ ಹಲ್ಲುಗಳು ಕಚ್ಚಿಕೊಳ್ಳುವುದು ಯಾಕೆ, ಅದೇ ತುಂಡನ್ನು ಕೆಳಕ್ಕೆಳೆದರೆ ಬಿಟ್ಟುಕೊಳ್ಳುವುದು ಯಾಕೆ? ನಾನು ಕೂತು ಬರೆದೆ. ಎರಡನೇ ಸಾಲಿಗೇ ಪೆನ್ನು ನಿಂತಿತು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಲಿಯಾನ್ ರೋಜನ್‌ಬ್ಲಿಟ್ ಮತ್ತು ಫ್ರಾಂಕ್ ಕೈಲ್ ಮಾಡಿಸಿದ್ದೂ ಇದನ್ನೇ. ಜಿಪ್, ಹೊಲಿಗೆ ಯಂತ್ರ, ಬೀಗ, ಕಕ್ಕಸಿನ ಫ್ಲಶ್ ಮುಂತಾದವು ಎಷ್ಟು ಗೊತ್ತು ಅಂತ ಜನ ಮೊದಲು ಒಂದರಿಂದ ಏಳರೊಳಗೆ ತಮಗೆ ತಾವೇ ಅಂಕ ಕೊಟ್ಟುಕೊಳ್ಳಬೇಕು. ಆಮೇಲೆ ವಿವರಿಸಿ ಬರೆಯಬೇಕು. ಬರೆದ ಮೇಲೆ ಇನ್ನೊಮ್ಮೆ ಅಂಕ. ಎರಡನೇ ಸಲ ಅಂಕ ಇಳಿದಿತ್ತು. 2002ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೂ ನಮ್ಮ ಊಟದ ತಟ್ಟೆಗೂ ನಂಟು ಬೆಳೆಯುತ್ತದೆಂದು ಆಗ ಯಾರೂ ಎಣಿಸಿರಲಾರರು.

ಕುಲಾಂತರಿ, ಅಂದರೆ ಬೇರೆ ಜೀವಿಯ ಜೀನ್ ಸೇರಿಸಿದ ಬೆಳೆಯ, ಆಹಾರದ ವಿಷಯದಲ್ಲಿ ವಿಜ್ಞಾನಿಗಳದು ಬೇರೆಯೇ ನಂಬಿಕೆ. ಜನರಿಗೆ ತಿಳಿವಳಿಕೆ ಸಾಲದು, ಅದಕ್ಕೇ ಹೆದರುತ್ತಾರೆ, ತಿಳಿಹೇಳಿದರೆ ಒಪ್ಪುತ್ತಾರೆ. ಇದಕ್ಕೆ ಪುರಾವೆಯೂ ಸಿಗುತ್ತಿತ್ತು. ‘ಮಾಮೂಲಿ ಟೊಮೆಟೊದಲ್ಲಿ ಜೀನ್ ಇರುವುದಿಲ್ಲ, ಕುಲಾಂತರಿ ಟೊಮೆಟೊದಲ್ಲಿ ಮಾತ್ರ ಇರುತ್ತದೆ’ ಎಂಬ ಮಾತು ಸರಿಯೋ ತಪ್ಪೋ ಅಂತ ಯುರೋಪಿನ ಸಮೀಕ್ಷೆಗಳಲ್ಲಿ ಕೇಳಿದರೆ ಎಷ್ಟೋ ಜನ ಎಡವುತ್ತಿದ್ದರು. 2015ರಲ್ಲಿ ಅಮೆರಿಕದ ಒಕ್ಲಹೋಮಾ ರಾಜ್ಯ ವಿಶ್ವವಿದ್ಯಾಲಯದ ಸಮೀಕ್ಷೆಯೊಂದರಲ್ಲಿ, ಡಿಎನ್‌ಎ ಇರುವ ಆಹಾರದ ಪೊಟ್ಟಣದ ಮೇಲೆ ಕಡ್ಡಾಯವಾಗಿ ಹಾಗಂತ ಅಚ್ಚು ಹಾಕಬೇಕೆಂದವರು ನೂರಕ್ಕೆ 80 ಮಂದಿ. ಡಿಎನ್‌ಎ ಇಲ್ಲದ ಸೊಪ್ಪು, ಕಾಳು ಎಲ್ಲಿಂದ ತರುವುದು?

ಕೊಲರಾಡೊ ವಿಶ್ವವಿದ್ಯಾಲಯದ ಫಿಲಿಪ್ ಫರ್ನ್‌ಬಾಕ್ ಮತ್ತು ಸಂಗಡಿಗರು ಜಿಪ್ಪಿನ ಪ್ರಶ್ನೆಯನ್ನೂ ಟೊಮೆಟೊ ಪ್ರಶ್ನೆಯನ್ನೂ ಒಂದೇ ಹಾಳೆಗೆ ತಂದರು. ಕುಲಾಂತರಿ ಆಹಾರಕ್ಕೆ ನಿಮ್ಮ ವಿರೋಧ ಎಷ್ಟು? ಅದರ ಬಗ್ಗೆ ಎಷ್ಟು ಗೊತ್ತು ಅಂದುಕೊಂಡಿದ್ದೀರಿ? ಇಷ್ಟಾದ ಮೇಲೆ ಸರಿ-ತಪ್ಪಿನ ವಿಜ್ಞಾನ ಪರೀಕ್ಷೆ. ಅಮೆರಿಕ ಮತ್ತು ಯುರೋಪಿನ ಎರಡು ಸಾವಿರಕ್ಕೂ ಹೆಚ್ಚು ಜನ ಉತ್ತರಿಸಿದರು. ಅಷ್ಟಿಷ್ಟಾದರೂ ವಿರೋಧವಿದ್ದವರೇ ನೂರಕ್ಕೆ 90ಕ್ಕೂ ಹೆಚ್ಚು. ಫಲಿತಾಂಶ 2019ರ ಜನವರಿಯಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಬಂತು. ವಿರೋಧ ಏರಿದಂತೆ ‘ನನಗೆ ಗೊತ್ತು’ ಎಂಬ ಅಂಕ ಏರಿತ್ತು, ಪರೀಕ್ಷೆಯ ಅಂಕ ಇಳಿದಿತ್ತು. ಎರಡು ಗೆರೆಗಳು ಕತ್ತರಿಯಂತೆ ಬಾಯಿ ತೆರೆದಿದ್ದವು.

ಅಂದರೆ ತೊಡಕು ಬರೀ ತಿಳಿಯದಿರುವುದಲ್ಲ. ತಿಳಿದಿದೆ ಅಂದುಕೊಂಡವರು ಕಲಿಯಲು ಯಾಕೆ ಬರುತ್ತಾರೆ?

ಜೀನ್ ಚಿಕಿತ್ಸೆಯ ಬಗ್ಗೆ ಕೇಳಿದಾಗಲೂ ಇದೇ ಕತ್ತರಿ. ಹವಾಮಾನ ಬದಲಾವಣೆಯ ಬಗ್ಗೆ ಕೇಳಿದಾಗ ಮಾತ್ರ ಅದು ಮೂಡಲಿಲ್ಲ. ಅಲ್ಲಿ ಜನ ಯಾವ ಪಕ್ಷದವರು ಎನ್ನುವುದರ ಕೈ ಮೇಲಾಗಿತ್ತು. ಈ ಅಪವಾದವನ್ನು ಮರೆತು ಫಲಿತಾಂಶವನ್ನು ದೊಣ್ಣೆಯಂತೆ ಬೀಸುವವರನ್ನು ಕಂಡರೆ ನನಗೆ ಆಗದು. ವಿರೋಧವೆಲ್ಲ ತಿಳಿಗೇಡಿತನವೂ ಅಲ್ಲ. 2010ರ ಫೆಬ್ರುವರಿಯಲ್ಲಿ ಕುಲಾಂತರಿ ಬಿ.ಟಿ. ಬದನೆಗೆ ಕೇಂದ್ರ ಸರ್ಕಾರ ತಡೆ ಹಾಕುವ ಮುನ್ನ ಬೆಂಗಳೂರಿನಲ್ಲೂ ಅಹವಾಲು ಸಭೆ ನಡೆದಿತ್ತು. ಬೀಜ ಯಾರ ಕೈಲಿರುತ್ತದೆ, ಉಡುಪಿಯ ಮಟ್ಟು ಗುಳ್ಳದಂಥ ನಾಡತಳಿಯ ಗತಿಯೇನು ಎಂಬುದು ಆಗ ಎದ್ದ ಪ್ರಶ್ನೆ. ಸರಿ-ತಪ್ಪು ಗುರುತು ಹಾಕುವ ಯಾವ ಪರೀಕ್ಷೆಯಲ್ಲೂ ಅದಕ್ಕೆ ಉತ್ತರವಿಲ್ಲ.

ಈಗ ಕುಲಾಂತರಿಯ ಜಾಗಕ್ಕೆ ಜೀನ್ ತಿದ್ದುಪಡಿ ಬಂದಿದೆ. 2025ರ ಮೇ ತಿಂಗಳಲ್ಲಿ ಭಾರತ ಇಂಥ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಅದರಲ್ಲೊಂದು ಸಾಂಬಾ ಮಸೂರಿಯಿಂದ ಹುಟ್ಟಿದ ‘ಕಮಲಾ’. ಅದು ಬೇಕು ಅಥವಾ ಬೇಡ ಅನ್ನುವ ಮೊದಲು, ಅದರಲ್ಲಿ ತಿದ್ದಿದ್ದೇನು ಅಂತ ಒಂದು ಸಾಲು ಬರೆದು ನೋಡಿ. ಆಮೇಲೆ ಇದರ ಜತೆ ಹೋಲಿಸಿ: ತೆನೆಯಲ್ಲಿ ಕಾಳು ಹೆಚ್ಚಲೆಂದು, ಆ ಭತ್ತದಲ್ಲೇ ಇದ್ದ ಸಿಕೆಎಕ್ಸ್2 ಎಂಬ ಜೀನ್.