ಭಾರಿ ಲಾರಿಗಳ ಡೀಸೆಲ್ ಲೆಕ್ಕ: ಅಳೆಯುವುದು ಹೇಗೆ?

ಸರಕು ಸಾಗಣೆಯ ವೆಚ್ಚದಲ್ಲಿ ಡೀಸೆಲ್ಲಿನದೇ ಸಿಂಹಪಾಲು. ಆದುದರಿಂದಲೇ ಇಂಧನ ಉಳಿಸುವ ಭರವಸೆಯೊಡನೆ ಬರುವ ಟೈರು, ಎಂಜಿನ್ ಎಣ್ಣೆ, ಗಾಳಿತಡೆ ಫಲಕಗಳ ಮಾರಾಟಗಾರರಿಗೆ ಲಾರಿ ಮಾಲೀಕರ ಕಚೇರಿಯ ಬಾಗಿಲು ಸದಾ ತೆರೆದಿರುತ್ತದೆ. ಅವರ ಮಾತನ್ನು ಪರೀಕ್ಷಿಸಲು ನಮ್ಮಲ್ಲಿ ರೂಢಿಯಲ್ಲಿರುವ ಕ್ರಮವೆಂದರೆ ಟ್ಯಾಂಕ್ ತುಂಬಿಸಿ ಹೊರಡುವುದು, ಮರಳಿ ಬಂದು ತುಂಬಿಸಿ ಭಾಗಾಕಾರ ಮಾಡುವುದು.

ಪಂಪಿನ ನೆಲ ತುಸು ಓರೆಯಾಗಿದ್ದರೂ, ನೊರೆ ಇಳಿಯುವ ಮೊದಲೇ ನಳಿಕೆ ತೆಗೆದರೂ ದೊಡ್ಡ ಟ್ಯಾಂಕಿನಲ್ಲಿ ಕೆಲವು ಲೀಟರುಗಳು ಹೆಚ್ಚುಕಡಿಮೆಯಾಗುತ್ತವೆ. 100 ಲೀಟರ್ ಬಳಸಿದ ಪ್ರಯಾಣದಲ್ಲಿ 4 ಲೀಟರ್ ತಪ್ಪಿದರೆ ದೋಷ ಶೇ. 4. ಪರೀಕ್ಷೆಗೆ ಒಳಪಡಿಸಿದ ಟೈರಿನ ಲಾಭವೇ ಶೇ. 3 ಇದ್ದರೆ ಆ ಲೆಕ್ಕಕ್ಕೆ ಅರ್ಥವೇನು? ಡೀಸೆಲ್ಲಿನ ಉಷ್ಣತೆ 10 ಡಿಗ್ರಿ ಏರಿದರೆ ಅದರ ಗಾತ್ರ ಶೇ. 0.8ರಷ್ಟು ಹಿಗ್ಗುವುದು ಬೇರೆ.

ಅಮೆರಿಕದ ವಾಹನ ಎಂಜಿನಿಯರುಗಳ ಸಂಘ 1981ರಲ್ಲಿ ಪ್ರಕಟಿಸಿದ ಜೆ1321 ಎಂಬ ವಿಧಾನ ಈ ತೊಡಕನ್ನು ಸರಳವಾಗಿ ಬಿಡಿಸಿತು. ಒಂದೇ ಬಗೆಯ ಎರಡು ಲಾರಿಗಳು ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ ಓಡಬೇಕು. ಒಂದನ್ನು ಎಂದಿಗೂ ಮಾರ್ಪಡಿಸಕೂಡದು. ಅದು ಸಾಕ್ಷಿ ಲಾರಿ. ಕಳಚಬಲ್ಲ ಪ್ರತ್ಯೇಕ ಟ್ಯಾಂಕನ್ನು ತೂಗಿ ಇಂಧನವನ್ನು ಲೀಟರಿನಲ್ಲಲ್ಲದೆ ತೂಕದಲ್ಲಿ ಅಳೆಯಬೇಕು. ಅಳತೆಗೆ ಮೊದಲು ಎಂಜಿನ್, ಟೈರುಗಳು ಕಾಯುವಷ್ಟು ಓಡಿಸಿರಬೇಕು.

ಉದಾಹರಣೆಗೆ, ಮೊದಲ ಓಟದಲ್ಲಿ ಸಾಕ್ಷಿ ಲಾರಿ 20 ಕಿಲೋ, ಪರೀಕ್ಷಾ ಲಾರಿ 21 ಕಿಲೋ ಬಳಸಿತೆನ್ನೋಣ, ಅನುಪಾತ 1.05. ಹೊಸ ಟೈರು ಹಾಕಿದ ದಿನ ಎದುರುಗಾಳಿಯಿಂದಾಗಿ ಅವು ಕ್ರಮವಾಗಿ 21 ಮತ್ತು 21.42 ಕಿಲೋ ಬಳಸಿದವು, ಅನುಪಾತ 1.02. ಹೊಸ ಟೈರಿಗೆ ಖರ್ಚು ಹೆಚ್ಚಿತೆಂದೇ ಮಾಲೀಕರು ಭಾವಿಸುತ್ತಿದ್ದರು. ನಿಜದಲ್ಲಿ ಸುಮಾರು ಶೇ. 2.9ರಷ್ಟು ಉಳಿತಾಯವಾಗಿದೆ. ಒಂದೇ ಓಟ ಸಾಲದು. 1986ರ ಆವೃತ್ತಿಯಲ್ಲಿ ಮೂರು ಓಟಗಳ ಅನುಪಾತಗಳು ಶೇ. 2ರ ಅಂತರದೊಳಗೆ ಬರಬೇಕಿತ್ತು. 2012ರ ಪರಿಷ್ಕರಣೆ ಸಂಖ್ಯಾಶಾಸ್ತ್ರದ ಕಟ್ಟುಪಾಡನ್ನೂ ಸೇರಿಸಿತು.

ಫಲಿತಾಂಶ ಯಾವ ಮಾರ್ಗದ್ದೆಂಬುದೂ ಮುಖ್ಯ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿ.ಮೀ.ನಿಂದ 80ಕ್ಕೆ ಹೋದರೆ ಅದು 1.78 ಪಟ್ಟು. ಕ್ಯಾಬಿನ್ ಮೇಲಿನ ಫಲಕ ಹೆದ್ದಾರಿಯಲ್ಲಿ ತನ್ನ ಬೆಲೆ ತೀರಿಸೀತು, ಆದರೆ ಶಿರಾಡಿ ಘಾಟಿಯನ್ನು ಮೊದಲ ಗೇರಿನಲ್ಲಿ ಏರುವ ಲಾರಿಗೆ ಅದು ಬರಿಯ ಅಲಂಕಾರ. ಅಲ್ಲಿ ಲೆಕ್ಕಕ್ಕೆ ಬರುವುದು ಭಾರವೊಂದೇ. ಕೇಂದ್ರ ಸರ್ಕಾರ 2017ರಲ್ಲಿ 12 ಟನ್ ಹಾಗೂ ಮೇಲ್ಪಟ್ಟ ವಾಹನಗಳಿಗೆ ಅಧಿಸೂಚಿಸಿದ ಮಾನದಂಡವೂ 40 ಮತ್ತು 60 ಕಿ.ಮೀ. ಸ್ಥಿರ ವೇಗದ ಪರೀಕ್ಷೆಯನ್ನೇ ಆಧರಿಸಿದೆ. ಎರಡು ವಾಹನಗಳನ್ನು ಹೋಲಿಸಲು ಅದು ಸಾಕು, ಘಾಟಿಯ ಮೈಲೇಜು ಅದರಿಂದ ತಿಳಿಯದು.

ಇದು ಟೈರಿನ ವ್ಯಾಪಾರಕ್ಕಷ್ಟೇ ಸೇರಿದ ವಿಷಯವಲ್ಲ. ಒಂದು ಪ್ರಯಾಣದ ಟ್ಯಾಂಕ್ ಲೆಕ್ಕವನ್ನೇ ಹಿಡಿದು ಚಾಲಕನ ಸಂಬಳದಿಂದ ಡೀಸೆಲ್ ಹಣ ಮುರಿದುಕೊಳ್ಳುವ ಪದ್ಧತಿ ಹಲವೆಡೆ ಇದೆ. ಗೋದಾಮಿನ ಮುಂದೆ ಎಂಜಿನ್ ಆರಿಸದೆ ಕಾದ ಗಂಟೆಗಳು, ಎದುರುಗಾಳಿ, ಹೆಚ್ಚುವರಿ ಭಾರ ಎಲ್ಲವೂ ಅವನ ಹೆಸರಿಗೇ ಬರೆಯಲ್ಪಡುತ್ತವೆ. ಅದೇ ಮಾರ್ಗದಲ್ಲಿ, ಅದೇ ದಿನ, ಅಷ್ಟೇ ಭಾರ ಹೊತ್ತ ಇನ್ನೊಂದು ಲಾರಿಯ ಅಂಕಿಯನ್ನು ಪಕ್ಕದಲ್ಲಿಡದೆ ಅಂತಹ ಕಡಿತಕ್ಕೆ ಆಧಾರವಿಲ್ಲ. ನಾಲ್ಕಾರು ಲಾರಿಗಳಿರುವ ಮಾಲೀಕರಿಗೆ ಇದಕ್ಕೆ ಬೇಕಾದುದು ನಂಬಲರ್ಹವಾದ ಒಂದು ತಕ್ಕಡಿ, ಒಂದು ಪ್ರತ್ಯೇಕ ಟ್ಯಾಂಕ್ ಮತ್ತು ಮೂರು ದಿನಗಳ ಬಿಡುವು.