ಬಿಲ್ಲಿನ ಅಕ್ಷರ ಮಾಸುವ ಮುನ್ನ...

ಮಹಾನಗರದ ಯಾವುದೋ ಒಂದು ಸಂಘದ ಸಭಾಗೃಹ. ಸಮಾರಂಭದ ಮುನ್ನಾದಿನ ನೀರು ಶುದ್ಧೀಕರಿಸುವ ಯಂತ್ರ ಕೆಟ್ಟು ನಿಲ್ಲುತ್ತದೆ. ಕಂಪೆನಿಗೆ ಫೋನ್ ಮಾಡಿದರೆ ಅಲ್ಲಿಂದ ಬರುವ ಮೊದಲ ಪ್ರಶ್ನೆಯೇ ‘ಖರೀದಿಸಿದ ದಿನಾಂಕ ಯಾವುದು?’ ಯಂತ್ರ ತಂದದ್ದು ಹಿಂದಿನ ಕಾರ್ಯಕಾರಿ ಸಮಿತಿ. ಬಿಲ್ ಇರುವುದು ಮಾಜಿ ಕೋಶಾಧಿಕಾರಿಯವರ ಮನೆಯ ಕಪಾಟಿನಲ್ಲಿ, ಅವರಿರುವುದು ಊರಿನಲ್ಲಿ. ಅವರು ಮರಳಿ ಬಂದು ಕಡತ ಹುಡುಕಿ ಕೊಡುವಷ್ಟರಲ್ಲಿ ಒಂದು ವರ್ಷದ ವಾರಂಟಿ ಮುಗಿದು ಹದಿನೈದು ದಿನ ಕಳೆದಿರುತ್ತದೆ. ಯಂತ್ರದ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆಸಿದ ದಾನಿಗಳ ಹೆಸರು ಮಾತ್ರ ಸ್ವಲ್ಪವೂ ಮಾಸಿರುವುದಿಲ್ಲ.

ಹೆಚ್ಚಿನ ಸಂಘ-ಸಂಸ್ಥೆಗಳ ಪದಾಧಿಕಾರಿಗಳಿಗೆ ಇದು ಪರಿಚಿತ ಅನುಭವ. ಮನೆಗಳಲ್ಲೂ ಪರಿಸ್ಥಿತಿ ಬೇರೆಯಾಗಿಲ್ಲ. ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಯಿಂದ ಮನೆಗೆ ಸಾಮಾನು ಸಾಗಿಸುವ ಕುಟುಂಬಗಳಲ್ಲಿ ಫ್ರಿಜ್, ವಾಷಿಂಗ್ ಮೆಷಿನ್ ಜಾಗರೂಕತೆಯಿಂದ ಟೆಂಪೋ ಏರುತ್ತವೆ, ಅವುಗಳ ಕಾಗದಪತ್ರಗಳು ಹಳೆಯ ಪತ್ರಿಕೆಗಳೊಂದಿಗೆ ರದ್ದಿಯವನ ಪಾಲಾಗುತ್ತವೆ.

ಜೋಪಾನವಾಗಿಟ್ಟ ಬಿಲ್ ಕೂಡ ಕೆಲವೊಮ್ಮೆ ಕೈಕೊಡುವುದುಂಟು. ಈಗ ಅನೇಕ ಅಂಗಡಿಗಳಲ್ಲಿ ಸಿಗುವುದು ಶಾಖದಿಂದ ಅಕ್ಷರ ಮೂಡಿಸುವ ನುಣುಪು ಕಾಗದದ ಬಿಲ್. ಅದರಲ್ಲಿ ಶಾಯಿಯೇ ಇಲ್ಲ, ಕಾಗದದ ಲೇಪನ ಬಿಸಿ ತಗಲಿದಲ್ಲಿ ಕಪ್ಪಾಗುತ್ತದೆ, ಅಷ್ಟೆ. ಬಿಸಿಲು, ಸೆಕೆ, ಎಣ್ಣೆ ಕೈ, ಪ್ಲಾಸ್ಟಿಕ್ ಚೀಲದ ಸಂಪರ್ಕ ಇವೆಲ್ಲ ಅದಕ್ಕೆ ಶತ್ರುಗಳು. ಭದ್ರವಾಗಿರಲೆಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟ ಬಿಲ್ ವರ್ಷ ಕಳೆಯುವುದರೊಳಗೆ ಬಿಳಿ ಹಾಳೆಯಾಗಿ ಹೊರಬಂದರೆ ಅಚ್ಚರಿಪಡಬೇಕಾಗಿಲ್ಲ. ತಂದ ದಿನವೇ ಜೆರಾಕ್ಸ್ ತೆಗೆಸುವುದು, ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೂ ಕಳುಹಿಸಿಡುವುದು ಇದಕ್ಕೆ ಸುಲಭದ ಉಪಾಯ. ಸಾಧನದ ಹಿಂಬದಿಯಲ್ಲಿರುವ ಸೀರಿಯಲ್ ನಂಬರಿನ ಫೋಟೋವೂ ಜೊತೆಗಿರಬೇಕು. ಮೊಬೈಲ್ ಫೋನ್ ಆದರೆ *#06# ಒತ್ತಿದಾಗ ತೋರುವ ಹದಿನೈದು ಅಂಕಿಗಳ ಐಎಂಇಐ ಸಂಖ್ಯೆಯನ್ನು ಬಿಲ್ಲಿನಲ್ಲಿರುವ ಸಂಖ್ಯೆಯೊಂದಿಗೆ ಅಂಗಡಿಯಲ್ಲೇ ತಾಳೆ ನೋಡುವುದು ಒಳ್ಳೆಯದು.

ಅವಧಿಯ ಲೆಕ್ಕದಲ್ಲೇ ಹೆಚ್ಚಿನವರು ಎಡವುವುದು. ಸಾಮಾನ್ಯವಾಗಿ ವಾರಂಟಿ ಶುರುವಾಗುವುದು ಬಿಲ್ಲಿನ ದಿನಾಂಕದಿಂದ. ದೀಪಾವಳಿ ರಿಯಾಯಿತಿಯಲ್ಲಿ ಕೊಂಡು, ಹೊಸ ಫ್ಲ್ಯಾಟಿನ ಗೃಹಪ್ರವೇಶದ ತನಕ ಪೆಟ್ಟಿಗೆಯಲ್ಲೇ ಇಟ್ಟ ಏಸಿಯ ವಾರಂಟಿ ಪೆಟ್ಟಿಗೆಯೊಳಗೇ ಸವೆಯುತ್ತಿರುತ್ತದೆ. ಇನ್ನು ಜಾಹೀರಾತಿನಲ್ಲಿ ಕಾಣುವ ‘10 ವರ್ಷ’ ಇಡೀ ಫ್ರಿಜ್‌ಗೆ ಸಂಬಂಧಿಸಿದ್ದಲ್ಲ, ಬಹುತೇಕ ಅದು ಕಂಪ್ರೆಸರ್‌ಗೆ ಮಾತ್ರ. ಉಳಿದ ಭಾಗಗಳಿಗೆ ಒಂದು ವರ್ಷವೇ ಹೆಚ್ಚು. ಕಂಪ್ರೆಸರ್ ಉಚಿತವಾಗಿ ಸಿಕ್ಕರೂ ಗ್ಯಾಸ್ ತುಂಬಿಸುವ ಖರ್ಚು, ಕೂಲಿ ಗ್ರಾಹಕನ ತಲೆಗೇ ಬರುವುದುಂಟು. ಮೊಬೈಲಿಗೆ ಒಂದು ವರ್ಷವಿದ್ದರೆ ಅದರ ಚಾರ್ಜರಿಗೆ ಅನೇಕ ಕಂಪೆನಿಗಳು ಕೊಡುವುದು ಆರೇ ತಿಂಗಳು. ಇನ್ವರ್ಟರ್ ಬ್ಯಾಟರಿಯದ್ದು ಮತ್ತೊಂದು ಬಗೆ: ಮೊದಲ ಕೆಲವು ವರ್ಷ ಉಚಿತ ಬದಲಾವಣೆ, ಅನಂತರ ಹೊಸ ಬ್ಯಾಟರಿಯ ಬೆಲೆಯಲ್ಲಿ ಸ್ವಲ್ಪ ಕಡಿತ. ಹಾಗಾಗಿ ಒಂದೇ ವಸ್ತುವಿಗೆ ಎರಡು ಮೂರು ದಿನಾಂಕ ಬರೆದಿಡಬೇಕಾಗುತ್ತದೆ.

ಹೋಟೆಲ್ ಉದ್ಯಮದಲ್ಲಿರುವ ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಮನೆಬಳಕೆಯ ಮಿಕ್ಸಿಯನ್ನು ಕ್ಯಾಂಟೀನಿನಲ್ಲಿ ಚಟ್ನಿ ರುಬ್ಬಲು ಇಟ್ಟರೆ ವಾರಂಟಿ ಅಲ್ಲಿಗೇ ಮುಗಿಯಿತೆಂದು ಹೆಚ್ಚಿನ ಕಾರ್ಡುಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುತ್ತದೆ. ಕಾನೂನಿನ ಮಟ್ಟಿಗೂ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ‘ಗ್ರಾಹಕ’ರ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲೆಂದೇ ಕೊಂಡವರಿಗೆ ಮಾತ್ರ ವಿನಾಯಿತಿ ಇದೆ.

ಊರಿಗೆ ಒಯ್ಯುವ ಸಾಮಾನಿನ ಮಾತೂ ಇದೆ. ಲೋಹಾರ್ ಚಾಲ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಮತ್ಸ್ಯಗಂಧ ರೈಲಿನಲ್ಲಿ ಊರಿನ ಅಮ್ಮನಿಗೆ ಮಿಕ್ಸಿ ಒಯ್ಯುವವರು ಸಂಪೂರ್ಣ ತೆರಿಗೆ ಬಿಲ್ ಪಡೆದು, ಅದರ ಒಂದು ಪ್ರತಿಯನ್ನು ಅಲ್ಲೇ ಬಿಟ್ಟು ಬರಬೇಕು. ಚೀಟಿಯ ಮೇಲೆ ಗೀಚಿ ಕೊಡುವ ಕಚ್ಚಾ ಬಿಲ್ಲಿನಿಂದ ಉಳಿಯುವ ನೂರಿನ್ನೂರು ರೂಪಾಯಿ ಕುಂದಾಪುರದ ಸರ್ವಿಸ್ ಸೆಂಟರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕೊಲ್ಲಿ ರಾಷ್ಟ್ರಗಳಿಂದ ತಂದ ಟಿವಿಯ ವಾರಂಟಿ ಅನೇಕ ಬಾರಿ ಆ ದೇಶಕ್ಕಷ್ಟೇ ಸೀಮಿತ.

ಬಿಲ್ ಕೊಡದಿರುವುದನ್ನು, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ-2019 ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಈ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದಾವೆ ಹೂಡಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೂ ಮಾತನಾಡಲು ಅವಕಾಶವಿದೆ. ಮುಂಬಯಿಯಲ್ಲಿ 1975ರಲ್ಲಿ ಸ್ಥಾಪನೆಯಾದ ಮುಂಬಯಿ ಗ್ರಾಹಕ ಪಂಚಾಯತ್ ಕೂಡ ಗ್ರಾಹಕರ ಪರವಾಗಿ ದುಡಿಯುತ್ತಾ ಬಂದಿದೆ.

ಆದರೆ ಇವೆಲ್ಲಕ್ಕೂ ದಿನಾಂಕದ ದಾಖಲೆ ಬೇಕು. ವಾರಂಟಿ ಮುಗಿಯಲು ನಾಲ್ಕು ದಿನ ಇರುವಾಗ ಮಾಡಿದ ಫೋನ್ ದೂರಿಗೆ ದೂರು ಸಂಖ್ಯೆ ಪಡೆಯದಿದ್ದರೆ, ಮೆಕ್ಯಾನಿಕ್ ಹತ್ತು ದಿನ ತಡವಾಗಿ ಬಂದು ‘ಅವಧಿ ಮುಗಿದಿದೆ’ ಎಂದಾಗ ಉತ್ತರಿಸುವುದು ಕಷ್ಟ. ದುರಸ್ತಿಗೆ ಒಯ್ದವರಿಂದ ದಿನಾಂಕ, ದೋಷ ಎರಡೂ ನಮೂದಿಸಿದ ಜಾಬ್ ಶೀಟ್ ಕೇಳಿ ಪಡೆಯಬೇಕು.

ಮೊಬೈಲಿನ ಕ್ಯಾಲೆಂಡರಿನಲ್ಲಿ ವಾರಂಟಿ ಮುಗಿಯುವ ಒಂದು ತಿಂಗಳು ಮೊದಲೇ ಎಚ್ಚರಿಸುವಂತೆ ಗುರುತು ಹಾಕುವುದು ಎರಡು ನಿಮಿಷದ ಕೆಲಸ. ಆ ಒಂದು ತಿಂಗಳಲ್ಲಿ ಸಣ್ಣಪುಟ್ಟ ಸದ್ದು, ಸೋರಿಕೆ ಎಲ್ಲವನ್ನೂ ಹೇಳಿ ಸರಿಪಡಿಸಿಕೊಳ್ಳಬಹುದು. ಮೊಬೈಲ್ ಒಗ್ಗದ ಹಿರಿಯರಿಗೆ ಗ್ಯಾಸ್ ಸಿಲಿಂಡರ್ ಬಂದ ದಿನ, ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರೇ ಸಾಕು. ಹೊಸ ವರ್ಷದ ಕ್ಯಾಲೆಂಡರ್ ತೂಗುಹಾಕುವ ದಿನ ಹಳೆಯದರಲ್ಲಿದ್ದ ಗುರುತುಗಳನ್ನು ಅದಕ್ಕೆ ದಾಟಿಸಲು ಮಾತ್ರ ಮರೆಯಬಾರದು.

ಸಂಘಗಳ ಮಟ್ಟಿಗೆ ಕ್ಯಾಲೆಂಡರ್ ಸಾಲದು. ಧ್ವನಿವರ್ಧಕ, ಕಂಪ್ಯೂಟರ್, ಪ್ರೊಜೆಕ್ಟರ್, ಇನ್ವರ್ಟರ್ ಎಂದು ಸಂಘದ ಸೊತ್ತು ಬೆಳೆದಿದೆ. ಬಿಲ್ಲಿನ ಮೂಲಪ್ರತಿ ಲೆಕ್ಕ ಪರಿಶೋಧಕರ ಕಡತಕ್ಕೆ ಹೋಗುವುದರಿಂದ, ಅದಕ್ಕೆ ಮೊದಲೇ ಪ್ರತಿ ತೆಗೆದು ಬೇರೊಂದು ರಿಜಿಸ್ಟರಿಗೆ ಅಂಟಿಸಬೇಕು. ಮಹಾಸಭೆಯಲ್ಲಿ ಹೊಸ ಪದಾಧಿಕಾರಿಗಳಿಗೆ ಹಾರ ಹಾಕಿ ಕೀಲಿಕೈ, ಚೆಕ್‌ಬುಕ್ ಒಪ್ಪಿಸುವಾಗ ಆ ರಿಜಿಸ್ಟರನ್ನೂ ಅದೇ ಮೇಜಿನ ಮೇಲೆ ಇಟ್ಟು, ಸಹಿ ಪಡೆದು ಒಪ್ಪಿಸಬೇಕು.